ಪೈಲಟ್ ಹೊರಗೆ ಬಂದರೂ ತಪ್ಪು, ಬಾರದಿದ್ದರೂ ತಪ್ಪು

ಮಾನ್ಯ ಸಂಪಾದಕರೇ,

ಯುದ್ಧವಿಮಾನ ಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಗದಗಿನ ಚಹಾದ ಅಂಗಡಿಗಳಲ್ಲಿ ಎರಡೇ ಮಾತು. ಪೈಲಟ್ ಬದುಕಿದ್ದರೆ, ‘ಅಲ್ರೀ, ಅಂವ ಜಿಗದು ಜೀವಾ ಉಳಿಸ್ಕೊಂಡ, ಸರ್ಕಾರದ್ದು ನೂರಾರು ಕೋಟಿ ಮಣ್ಣಾಗ ಹೋತಲ್ರೀ’ ಅನ್ನುತ್ತಾರೆ. ಪೈಲಟ್ ತೀರಿಕೊಂಡಿದ್ದರೆ, ‘ಬಟನ್ ಒತ್ತಿ ಹೊರಗ ಬರಬೇಕಿತ್ತು, ಯಾಕ ಬರಲಿಲ್ಲಂತ?’ ಅನ್ನುತ್ತಾರೆ. ಎರಡನ್ನೂ ಹೇಳುವವರು ಅದೇ ಮಂದಿ, ಅದೇ ಬೆಂಚಿನ ಮೇಲೆ ಕುಳಿತು. ಮೊಬೈಲ್ ತೆರೆದರೆ ಅಲ್ಲೂ ಇದೇ ಓಡಾಡುತ್ತಿರುತ್ತದೆ. ಕೇಳಿ ಕೇಳಿ ಸಾಕಾಗಿದೆ. ಸುಮ್ನೆ ಅಂಗಡಿಯಲ್ಲಿ ಕುಳಿತು ಜಗಳ ಮಾಡುವುದಕ್ಕಿಂತ ನಿಮಗೆ ಬರೆಯುವುದೇ ಮೇಲು ಅನಿಸಿತು. ಪತ್ರ ಉದ್ದವಾಗಿದೆ. ಕತ್ತರಿ ಹಾಕಲೇಬೇಕಾದರೆ ಕೊನೆಯ ಭಾಗ ಬಿಟ್ಟು ಬೇರೆ ಎಲ್ಲಿಯಾದರೂ ಹಾಕಿ.

ನಾನು ವಾಯುಪಡೆಯಲ್ಲಿ ವೆಪನ್ ಫಿಟರ್ ಆಗಿದ್ದವನು. ಮೊದಲು ಬೆಳಗಾವಿಯ ಸಾಂಬ್ರಾದಲ್ಲಿ ತರಬೇತಿ, ಆಮೇಲೆ ಉತ್ತರ ಭಾರತದ ಏರ್‌ಬೇಸ್‌ಗಳು, ಸಾರ್ಜೆಂಟ್ ಆಗಿ ನಿವೃತ್ತಿ. ಈಗ ಬೆಟಗೇರಿಯಲ್ಲಿ ಅಣ್ಣನ ಜೊತೆ ಪ್ರಿಂಟಿಂಗ್ ಪ್ರೆಸ್ ನೋಡಿಕೊಂಡಿದ್ದೇನೆ. ವೆಪನ್ ಫಿಟರ್ ಅಂದ ಕೂಡಲೇ ಜನ ಬಾಂಬು, ಮಿಸೈಲು ಅಂದುಕೊಳ್ಳುತ್ತಾರೆ. ಅದೂ ನಮ್ಮ ಕೆಲಸವೇ. ಆದರೆ ಪೈಲಟ್ ಕೂರುವ ಸೀಟು ಕೂಡ ನಮ್ಮ ಪಾಲಿಗೇ ಬರುತ್ತದೆ. ಯಾಕೆಂದರೆ ಅದರೊಳಗೆ ಮದ್ದು ತುಂಬಿರುತ್ತದೆ. ಅಪಾಯದಲ್ಲಿ ಪೈಲಟ್‌ನನ್ನು ವಿಮಾನದಿಂದ ಹೊರಗೆ ಹಾರಿಸುವ ಈ ಸೀಟಿಗೆ ಎಜೆಕ್ಷನ್ ಸೀಟು ಅನ್ನುತ್ತಾರೆ. ನನ್ನ ನೌಕರಿಯ ಬಹುಪಾಲು ಆ ಸೀಟಿನ ಹಿಂದೆ, ಕೆಳಗೆ, ಟಾರ್ಚ್ ಹಿಡಿದು ತಲೆ ತೂರಿಸಿಕೊಂಡೇ ಕಳೆಯಿತು.

ಬಾಗಿಲು ತೆಗೆದು ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿಯುವುದು ಅಂತ ನಮ್ಮವರ ಕಲ್ಪನೆ. ಪಂಖದ ವಿಮಾನಗಳ ಕಾಲದಲ್ಲಿ ಹಾಗೇ ಇತ್ತು. ಜೆಟ್ ಬಂದ ಮೇಲೆ ಅದು ಆಗದ ಮಾತಾಯಿತು. ಗಂಟೆಗೆ 700 ಕಿ.ಮೀ. ವೇಗದಲ್ಲಿ ಎದ್ದು ನಿಂತರೆ ಗಾಳಿಯೇ ಮನುಷ್ಯನನ್ನು ಹಿಂದಕ್ಕೆ ಒಗೆದು ವಿಮಾನದ ಬಾಲಕ್ಕೆ ಬಡಿಯುತ್ತದೆ. ಹಾಗಾಗಿ ಮನುಷ್ಯನನ್ನು ಸೀಟಿನ ಸಮೇತ ಮೇಲಕ್ಕೆ ಹಾರಿಸುವ ಯೋಚನೆ ಬಂತು. ಜರ್ಮನಿಯಲ್ಲಿ 1942ರ ಜನವರಿಯಲ್ಲಿ ಹೆಲ್ಮುಟ್ ಶೆಂಕ್ ಎಂಬ ಪೈಲಟ್ ಹೈಂಕೆಲ್ ವಿಮಾನಕ್ಕೆ ಹಿಮ ಕಟ್ಟಿದಾಗ ಹೀಗೆ ಹೊರಬಂದ. ನಿಜವಾದ ಅಪಾಯದಲ್ಲಿ ಈ ಸೀಟಿನಿಂದ ಬದುಕಿದ ಮೊದಲ ಮನುಷ್ಯ ಅವನೇ. ಅದೇ ವರ್ಷ ಇಂಗ್ಲೆಂಡಿನಲ್ಲಿ ಜೇಮ್ಸ್ ಮಾರ್ಟಿನ್ ಎಂಬ ಎಂಜಿನಿಯರ್‌ನ ಪಾಲುದಾರ ವ್ಯಾಲೆಂಟೈನ್ ಬೇಕರ್ ತಮ್ಮದೇ ಕಂಪನಿಯ ವಿಮಾನ ಹಾರಿಸುವಾಗ ಬಿದ್ದು ತೀರಿಕೊಂಡ. ಆಮೇಲೆ ಮಾರ್ಟಿನ್ ಪೈಲಟ್ ಜೀವ ಉಳಿಸುವ ಸೀಟಿನ ಬೆನ್ನುಹತ್ತಿದ. ಆ ಮಾರ್ಟಿನ್-ಬೇಕರ್ ಕಂಪನಿಯ ಸೀಟುಗಳಿಂದ ಇಲ್ಲಿಯವರೆಗೆ 7,700ಕ್ಕೂ ಜಾಸ್ತಿ ಜನ ಬದುಕಿದ್ದಾರೆ. ನಮ್ಮ ತೇಜಸ್, ಹಾಕ್ ವಿಮಾನಗಳಲ್ಲಿ ಇರುವುದೂ ಅದೇ ಕಂಪನಿಯ ಸೀಟು. ಸುಖೋಯ್, ಮಿಗ್-29ರಲ್ಲಿ ಇರುವುದು ರಷ್ಯಾದ ಕೆ-36.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1946ರ ಜುಲೈ 24ರಂದು ಹಾರುತ್ತಿದ್ದ ಮೀಟಿಯರ್ ವಿಮಾನದಿಂದ ಮಾರ್ಟಿನ್ ಸೀಟಿನಲ್ಲಿ ಮೊದಲು ಹೊರಹಾರಿದವನು ಪೈಲಟ್ ಅಲ್ಲ. ಬರ್ನಾರ್ಡ್ ಲಿಂಚ್ ಎಂಬ ಫಿಟರ್. ನಮ್ಮ ಕಸುಬಿನವನು! ಅದಕ್ಕೂ ಮೊದಲು ನೆಲದ ಮೇಲೆ ಗೋಪುರ ಕಟ್ಟಿ, ಹಳಿಯ ಮೇಲೆ ಸೀಟು ಹಾರಿಸಿ ನೋಡುತ್ತಿದ್ದರು. ಅದರಲ್ಲಿ ಕುಳಿತು ನೋಡುತ್ತೇನೆಂದು ವಿಮಾನ ಪತ್ರಿಕೆಯೊಂದರ ವರದಿಗಾರ ಮುಂದೆ ಬಂದ. ಮೇಲೆ ಹೋಗಿದ್ದು ಬಹಳ ಅಂದರೆ ಹತ್ತು ಅಡಿ. ಬೆನ್ನುಮೂಳೆ ಜಜ್ಜಿಹೋಯಿತು. ಅವನು ನಿಮ್ಮ ಕಸುಬಿನವನು. ಮದ್ದನ್ನು ಒಮ್ಮೆಗೇ ಸ್ಫೋಟಿಸಬಾರದು, ಒತ್ತಡ ಮೆಲ್ಲಗೆ ಏರಬೇಕು ಅಂತ ಎಂಜಿನಿಯರ್‌ಗಳು ಲೆಕ್ಕ ತಿದ್ದಿದ್ದು ಇಂಥ ಪೆಟ್ಟುಗಳನ್ನು ನೋಡಿದ ಮೇಲೆ.

ಈಗ ಸೀಟು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ. ಬಟನ್ ಗಿಟನ್ ಏನೂ ಇಲ್ಲ. ಪೈಲಟ್‌ನ ಎರಡು ತೊಡೆಗಳ ನಡುವೆ ಹಳದಿ-ಕಪ್ಪು ಪಟ್ಟೆಯ ಒಂದು ಹಿಡಿ ಇರುತ್ತದೆ. ಅದನ್ನು ಎಳೆಯಬೇಕು. ಎಳೆದ ಮೇಲೆ ಮನುಷ್ಯನ ಕೈಯಲ್ಲಿ ಏನೂ ಇಲ್ಲ, ಮುಂದಿನದೆಲ್ಲ ತಾನಾಗಿ ನಡೆಯುತ್ತದೆ. ಭುಜದ ಬೆಲ್ಟುಗಳು ಅವನನ್ನು ಸೀಟಿಗೆ ಜಗ್ಗಿ ಒರಗಿಸುತ್ತವೆ. ಮೇಲಿನ ಗಾಜಿನ ಮುಚ್ಚಳ ಹಾರಿಹೋಗುತ್ತದೆ. ಕೆಲವು ವಿಮಾನಗಳಲ್ಲಿ ಗಾಜಿಗೆ ಅಂಟಿಸಿದ ಸ್ಫೋಟಕದ ಎಳೆ ಸಿಡಿದು ಗಾಜು ಪುಡಿಯಾಗುತ್ತದೆ. ಸೀಟಿನ ಹಿಂದಿನ ಕೊಳವೆಯಲ್ಲಿ ಕಾರ್ಟ್ರಿಜ್ ಸಿಡಿದು ಸೀಟು ಹಳಿಯ ಮೇಲೆ ಏರುತ್ತದೆ. ಕಾಲಿಗೆ ಸುತ್ತಿದ ಪಟ್ಟಿಗಳು ಎರಡೂ ಕಾಲುಗಳನ್ನು ಸೀಟಿಗೆ ಎಳೆದು ಕಟ್ಟುತ್ತವೆ. ಇಲ್ಲದಿದ್ದರೆ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು ಅಲ್ಲೇ ಹೋಗುತ್ತದೆ. ಸೀಟು ಹೊರಬೀಳುವ ಹೊತ್ತಿಗೆ ಕೆಳಗಿನ ರಾಕೆಟ್ ಹೊತ್ತಿಕೊಂಡು ಅದನ್ನು ಇನ್ನಷ್ಟು ಮೇಲೆ ಒಯ್ಯುತ್ತದೆ. ಮೊದಲು ಸಣ್ಣ ಪ್ಯಾರಾಶೂಟ್ ಬಂದು ಸೀಟನ್ನು ಸ್ಥಿರ ಮಾಡುತ್ತದೆ. ಆಮೇಲೆ ಸೀಟು ಕಳಚಿಕೊಂಡು ದೊಡ್ಡ ಪ್ಯಾರಾಶೂಟ್ ಬಿಚ್ಚಿಕೊಳ್ಳುತ್ತದೆ. ನೆಲಕ್ಕೆ ಹತ್ತಿರ ಇದ್ದರೆ ಇಷ್ಟೆಲ್ಲ ಎರಡು-ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ತುಂಬ ಎತ್ತರದಲ್ಲಿದ್ದರೆ ಅಲ್ಲಿ ಗಾಳಿ ತೆಳು, ಚಳಿ ಜಾಸ್ತಿ. ಅದಕ್ಕೆ ಸುಮಾರು 10,000 ಅಡಿಗೆ ಇಳಿಯುವವರೆಗೆ ದೊಡ್ಡ ಪ್ಯಾರಾಶೂಟನ್ನು ಸೀಟೇ ತಡೆದು ಇಟ್ಟುಕೊಳ್ಳುತ್ತದೆ. ಇಬ್ಬರು ಕೂರುವ ವಿಮಾನದಲ್ಲಿ ಹಿಂದಿನವನು ಮೊದಲು ಹೋಗುತ್ತಾನೆ, ಒಂದು ಚೂರು ತಡವಾಗಿ ಮುಂದಿನವನು. ಮುಂದಿನವನು ಮೊದಲು ಹೋದರೆ ಅವನ ರಾಕೆಟ್ಟಿನ ಬೆಂಕಿ ಹಿಂದಿನವನ ಮುಖಕ್ಕೆ.

ಇದನ್ನು ನೋಡಿಕೊಳ್ಳುವುದು ಎಂಥ ಕೆಲಸ ಅಂತ ಹೊರಗಿನವರಿಗೆ ಹೇಳುವುದು ಕಷ್ಟ. ಪ್ರತಿ ಕಾರ್ಟ್ರಿಜ್ ಮೇಲೆ ತಾರೀಕು ಇರುತ್ತದೆ. ಅವಧಿ ಮುಗಿದದ್ದು ಒಂದು ದಿನವೂ ಸೀಟಿನಲ್ಲಿ ಉಳಿಯಬಾರದು. ನಟ್ಟು ಎಷ್ಟು ಬಿಗಿಯಬೇಕು ಅನ್ನುವುದಕ್ಕೆ ಟಾರ್ಕ್ ರೆಂಚ್ ಇದೆ, ಬಿಗಿದ ಮೇಲೆ ಲಾಕಿಂಗ್ ವೈರ್ ಹಾಕಿ ತಿರುಚಬೇಕು. ಒಬ್ಬ ಕೆಲಸ ಮಾಡಿದರೆ ಇನ್ನೊಬ್ಬ ಬಂದು ಕನ್ನಡಿ ಹಿಡಿದು ನೋಡಬೇಕು. ಇಬ್ಬರೂ ಸಹಿ ಮಾಡಬೇಕು. ಕೆಲಸ ಮುಗಿದಾಗ ಟೂಲ್ ಬೋರ್ಡಿನಲ್ಲಿ ಒಂದು ಸ್ಕ್ರೂಡ್ರೈವರ್ ಕಡಿಮೆ ಬಂದರೂ ವಿಮಾನ ಹಾರುವ ಹಾಗಿಲ್ಲ. ಸೇಫ್ಟಿ ಪಿನ್ನುಗಳಿಗೆ ಕೆಂಪು ಪಟ್ಟಿ ಕಟ್ಟಿರುತ್ತಾರೆ. ಪೈಲಟ್ ಹೊರಡುವ ಮೊದಲು ಪಿನ್ ತೆಗೆದು ಕೈ ಎತ್ತಿ ನಮಗೆ ತೋರಿಸುತ್ತಾನೆ. ನಾವು ಕೆಳಗಿನಿಂದ ಎಣಿಸಿ ಹೆಬ್ಬೆರಳು ಎತ್ತುತ್ತೇವೆ. ಅಲ್ಲಿಂದ ಮುಂದೆ ಸೀಟು ಜೀವಂತ.

ನಟ್ಟು ಸಡಿಲವಾದರೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಜಾಸ್ತಿ ಬಿಗಿಯಾದರೂ ಜೀವ ಹೋಗುತ್ತದೆ. 2011ರ ನವೆಂಬರ್ 8ರಂದು ಇಂಗ್ಲೆಂಡಿನ ಸ್ಕ್ಯಾಂಪ್ಟನ್‌ನಲ್ಲಿ ರೆಡ್ ಆ್ಯರೋಸ್ ಎಂಬ ಪ್ರದರ್ಶನ ಹಾರಾಟದ ತಂಡದ ಪೈಲಟ್ ಶಾನ್ ಕನಿಂಗ್‌ಹ್ಯಾಮ್ ಕುಳಿತಿದ್ದ ಹಾಕ್ ವಿಮಾನ ಇನ್ನೂ ನೆಲದ ಮೇಲೇ ಇತ್ತು. ಸೀಟು ಹಾರಿತು. ನಿಂತ ವಿಮಾನದಿಂದಲೂ ಆ ಸೀಟು ಮನುಷ್ಯನನ್ನು ಉಳಿಸಬೇಕಿತ್ತು. ಆದರೆ ಪ್ಯಾರಾಶೂಟ್ ಬಿಚ್ಚಿಕೊಳ್ಳುವ ಜಾಗದ ಒಂದು ಬೋಲ್ಟಿನ ನಟ್ಟನ್ನು ಅತಿಯಾಗಿ ಬಿಗಿದಿದ್ದರಿಂದ ಅದು ಕಳಚಿಕೊಳ್ಳದೆ ಅವರು ತೀರಿಕೊಂಡರು. ಇಂಥ ಸುದ್ದಿ ಬಂದರೆ ನನ್ನ ಹಳೆಯ ಸಂಗಾತಿಗಳು ಇವತ್ತಿಗೂ ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ. ಫಿಟರ್‌ಗಳಿಗೆ ಇಂಥವು ಬೇಗ ಮರೆಯುವುದಿಲ್ಲ.

‘ಆರಾಮಾಗಿ ಪ್ಯಾರಾಶೂಟ್‌ನಾಗ ಇಳದ’ ಅನ್ನುತ್ತಾರಲ್ಲ, ಅದಕ್ಕೆ ಬರುತ್ತೇನೆ. ಸೀಟು ಹಾರುವಾಗ ಮೈಮೇಲೆ ಬೀಳುವ ಒತ್ತಡ 12ರಿಂದ 20 ಜಿ ವರೆಗೆ, ಅಂದರೆ ನಮ್ಮ ತೂಕದ ಅಷ್ಟು ಪಟ್ಟು ಇರುತ್ತದೆ. 15 ಜಿ ಅಂತಲೇ ಹಿಡಿಯಿರಿ. 70 ಕಿಲೋ ತೂಕದ ಮನುಷ್ಯ ಆ ಒಂದು ಚೂರು ಹೊತ್ತಿಗೆ 1,050 ಕಿಲೋ ತೂಗುತ್ತಾನೆ. ಆ ಭಾರ ಬೀಳುವುದು ಬೆನ್ನೆಲುಬಿನ ಗಂಟುಗಳ ಮೇಲೆ. ತಲೆ ಹಿಂದಕ್ಕೆ ಒರಗಿರಬೇಕು, ಬೆನ್ನು ನೆಟ್ಟಗಿರಬೇಕು, ಮೊಣಕೈ ಒಳಗಿರಬೇಕು ಅಂತ ಪೈಲಟ್‌ಗಳಿಗೆ ಹೇಳಿಕೊಟ್ಟಿರುತ್ತಾರೆ. ಉರಿಯುವ, ಗಿರಗಿರ ತಿರುಗುವ ವಿಮಾನದಲ್ಲಿ ಅಷ್ಟು ಒಪ್ಪವಾಗಿ ಕೂರಲು ಯಾರಿಂದಾದೀತು? ಹಾಗಾಗಿ ಬೆನ್ನೆಲುಬಿನ ಮುರಿತ ಇಲ್ಲಿ ಮಾಮೂಲು. ಕುತ್ತಿಗೆ, ಭುಜ, ಕಾಲಿಗೂ ಪೆಟ್ಟಾಗುತ್ತದೆ.

ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ 1965ರ ಯುದ್ಧದಲ್ಲಿ, ಸೆಪ್ಟೆಂಬರ್ 22ರಂದು, ಹಂಟರ್ ವಿಮಾನಕ್ಕೆ ಗುಂಡು ಬಿದ್ದಾಗ ಎಜೆಕ್ಟ್ ಆದರು. ಪಾಕಿಸ್ತಾನದಲ್ಲಿ ಸೆರೆ ಸಿಕ್ಕರು. ಬೆನ್ನುಮೂಳೆಗೆ ಪೆಟ್ಟು ಬಿದ್ದಿತ್ತು. ವಾಪಸ್ ಬಂದ ಮೇಲೆ ಹೆಲಿಕಾಪ್ಟರ್ ಹಾರಿಸಿದರು, ಏರ್ ಮಾರ್ಷಲ್ ಆಗಿ ನಿವೃತ್ತರಾದರು. ಕಾರ್ಗಿಲ್ ಯುದ್ಧದಲ್ಲಿ 1999ರ ಮೇ 27ರಂದು ಮಿಗ್-27ರಿಂದ ಹೊರಬಂದ ನಚಿಕೇತ ಅವರದ್ದೂ ಇದೇ ಕಥೆ. ಬೆನ್ನಿನ ಪೆಟ್ಟಿನಿಂದಾಗಿ ಫೈಟರ್ ಬಿಟ್ಟು ಸಾಗಣೆ ವಿಮಾನಕ್ಕೆ ಹೋಗಬೇಕಾಯಿತು. ಫೈಟರ್ ಪೈಲಟ್‌ಗೆ ಫೈಟರ್ ಬಿಡುವುದು ಅಂದರೆ ಏನು ಅಂತ ಅವರ ಜೊತೆ ಇದ್ದವರಿಗೆ ಗೊತ್ತು.

ಇನ್ನು ಎರಡನೇ ಮಾತು, ‘ಯಾಕ ಬರಲಿಲ್ಲ?’

ಈಗಿನ ಸೀಟುಗಳಿಗೆ ಜೀರೋ-ಜೀರೋ ಅನ್ನುತ್ತಾರೆ. ಎತ್ತರ ಸೊನ್ನೆ, ವೇಗ ಸೊನ್ನೆ ಇದ್ದರೂ ಕೆಲಸ ಮಾಡುತ್ತದೆ ಅಂತ. ಹಿಂದೆ ಹಾಗಿರಲಿಲ್ಲ. ಮಿಗ್-21ರ ಮೊದಲಿನ ಮಾದರಿಗಳಲ್ಲಿ ನೂರು ಮೀಟರಿಗಿಂತ ಕೆಳಗಿದ್ದರೆ ಸೀಟನ್ನು ನಂಬುವ ಹಾಗೇ ಇರಲಿಲ್ಲ. ಆಮೇಲಿನ ಮಾದರಿಗಳಲ್ಲಿ ನೆಲದ ಮಟ್ಟದಲ್ಲೂ ನಡೆಯುತ್ತಿತ್ತು, ಆದರೆ ವಿಮಾನ ಗಂಟೆಗೆ 130 ಕಿ.ಮೀ. ಆದರೂ ಓಡುತ್ತಿರಬೇಕಿತ್ತು. ಆ ಮಿಗ್-21 ಕಳೆದ 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ನಿವೃತ್ತಿಯಾಯಿತು, ಒಳ್ಳೆಯದೇ ಆಯಿತು.

ಆದರೆ ಜೀರೋ-ಜೀರೋ ಅನ್ನುವುದು ವಿಮಾನ ನೆಟ್ಟಗೆ, ಸಮತಟ್ಟಾಗಿ ಇದ್ದಾಗಿನ ಲೆಕ್ಕ. ದೀಪಾವಳಿಯಲ್ಲಿ ಬಾಟ್ಲಿ ವಾಲಿದರೆ ರಾಕೆಟ್ ಪಕ್ಕದ ಮನೆಯ ಕಿಟಕಿಗೇ ಹೋಗುತ್ತದೆ ಅಲ್ವಾ? ಇದೂ ಹಾಗೆಯೇ. ವಿಮಾನ ಮಗ್ಗುಲಾಗಿದ್ದರೆ ಸೀಟು ಅಡ್ಡಕ್ಕೆ ಹೋಗುತ್ತದೆ, ಬೋರಲಾಗಿದ್ದರೆ ನೆಲದ ಕಡೆಗೇ ಹೋಗುತ್ತದೆ. ಇನ್ನೊಂದು, ವಿಮಾನ ಕೆಳಗೆ ಇಳಿಯುತ್ತಿದ್ದರೆ ಸೀಟು ಮೊದಲು ಆ ಇಳಿತದ ವೇಗವನ್ನು ಗೆಲ್ಲಬೇಕು. ಸೆಕೆಂಡಿಗೆ 50 ಮೀಟರ್ ಇಳಿಯುತ್ತಿರುವ ವಿಮಾನ 300 ಮೀಟರ್ ಎತ್ತರದಲ್ಲಿದ್ದರೆ ನೆಲಕ್ಕೆ ಇರುವುದು ಆರು ಸೆಕೆಂಡ್. ಅದರಲ್ಲಿ ಸೀಟಿಗೇ ಎರಡು-ಮೂರು ಸೆಕೆಂಡ್ ಬೇಕು. ಏನಾಗುತ್ತಿದೆ ಅಂತ ಅರ್ಥವಾಗಲು ಒಂದೆರಡು ಸೆಕೆಂಡ್ ಹಿಡಿಯುತ್ತದೆ. ಉಳಿದದ್ದು ಎಷ್ಟು, ನೀವೇ ಕಳೆಯಿರಿ.

2024ರ ಮಾರ್ಚ್ 12ರಂದು ಜೈಸಲ್ಮೇರ್ ಹತ್ತಿರ ತೇಜಸ್ ಬಿದ್ದಾಗ ಪೈಲಟ್ ಹೊರಬಂದು ಬದುಕಿದರು. 2025ರ ನವೆಂಬರ್ 21ರಂದು ದುಬೈ ಏರ್ ಶೋದಲ್ಲಿ ಅದೇ ತೇಜಸ್ ಬಿದ್ದಾಗ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡರು. ಪ್ರದರ್ಶನದ ಹಾರಾಟ ನೆಲಕ್ಕೆ ಅಷ್ಟು ಹತ್ತಿರ ನಡೆಯುತ್ತದೆ. ಅಲ್ಲಿ ಕೈ ಹಿಡಿಗೆ ಹೋಗುವಷ್ಟರಲ್ಲಿ ಮುಗಿದುಹೋಗುತ್ತದೆ. ಬೆಂಗಳೂರಿನಲ್ಲೇ 2019ರ ಫೆಬ್ರುವರಿ ಒಂದೇ ತಿಂಗಳಲ್ಲಿ ಎರಡು ದುರಂತ ಆದವು. ಒಂದನೇ ತಾರೀಕು ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಮಿರಾಜ್ ಬಿತ್ತು. ಸೀಟು ಹಾರಿದರೂ ಇಬ್ಬರೂ ಉಳಿಯಲಿಲ್ಲ. ಹತ್ತೊಂಬತ್ತಕ್ಕೆ ಯಲಹಂಕದಲ್ಲಿ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿ ಹೊಡೆದವು. ಇಬ್ಬರು ಬದುಕಿದರು, ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಬದುಕಲಿಲ್ಲ. ಇನ್ನು 2023ರ ಜನವರಿ 28 ನಮ್ಮ ಭಾಗದವರಿಗೆ ನೆನಪಿರಬೇಕು. ಮಧ್ಯಪ್ರದೇಶದ ಮೊರೇನಾ ಹತ್ತಿರ ಸುಖೋಯ್ ಮತ್ತು ಮಿರಾಜ್ ಡಿಕ್ಕಿಯಾದವು. ಸುಖೋಯ್‌ನ ಇಬ್ಬರು ಹೊರಬಂದರು. ಮಿರಾಜ್‌ನಲ್ಲಿದ್ದ ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಬರಲಿಲ್ಲ. ಆಗ ಹುಬ್ಬಳ್ಳಿಯ ಒಂದು ಮದುವೆಯಲ್ಲಿ ನನ್ನ ಪಕ್ಕ ಊಟಕ್ಕೆ ಕುಳಿತವರು, ‘ಆ ಇಬ್ಬರಿಗೆ ಬರಾಕ ಆತಂದ್ರ ಇವರಿಗ್ಯಾಕ ಆಗಲಿಲ್ರೀ’ ಅಂತ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಡಿಕ್ಕಿಯ ಪೆಟ್ಟು ಯಾವ ವಿಮಾನದ ಎಲ್ಲಿ ಬಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ, ಧೈರ್ಯ ಗೀರ್ಯ ಅಲ್ಲಿಗೆ ಬರುವುದೇ ಇಲ್ಲ ಅಂತ ಹೇಳಿದೆ. ಅವರು ಹೋಳಿಗೆ ಹಾಕಿಸಿಕೊಂಡರು.

ಇದೆಲ್ಲ ಸುಮ್ನೆ ಬರೀ ಮಾತು, ಇದರಿಂದ ಯಾರಿಗೆ ಏನು ಅಂತ ನೀವು ಕೇಳಬಹುದು. ಅದಕ್ಕೇ ಒಂದು ಘಟನೆ ಹೇಳುತ್ತೇನೆ.

ನಾನಿದ್ದ ಸ್ಕ್ವಾಡ್ರನ್ನಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಪೈಲಟ್ ಇದ್ದರು. ಒಂದು ಚಳಿಗಾಲದ ಬೆಳಗ್ಗೆ ಅವರು ವಾಪಸ್ ಬರುವಾಗ ಎಂಜಿನ್ ಕೈಕೊಟ್ಟಿತು. ವಿಮಾನ ಬಿತ್ತು ಅನ್ನುವ ಸುದ್ದಿ ನಮಗೆ ಮೊದಲು ಬಂತು, ಪೈಲಟ್ ಏನಾದರು ಅನ್ನುವುದು ಆಮೇಲೆ. ಆ ಮಧ್ಯದ ಹೊತ್ತಿನಲ್ಲೇ ಒಬ್ಬ ಆಫೀಸರ್ ಬಂದು ಆ ವಿಮಾನದ ಫಾರ್ಮ್ 700 ಅನ್ನುವ ದಾಖಲೆ ಪುಸ್ತಕ, ಸೀಟಿನ ಲಾಗ್ ಕಾರ್ಡು ಎಲ್ಲ ಕಪಾಟಿಗೆ ಹಾಕಿ ಸೀಲ್ ಮಾಡಿಸಿದರು. ಅದು ನಿಯಮ. ಯಾರೂ ಆಮೇಲೆ ಏನೂ ತಿದ್ದಬಾರದಲ್ಲ. ಆ ಸೀಟಿಗೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಅಂಥ ಚಳಿಯಲ್ಲೂ ನನ್ನ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಪ್ಯಾರಾಶೂಟ್ ಬಿಚ್ಚಿದೆ, ಮನುಷ್ಯ ಮಾತಾಡುತ್ತಿದ್ದಾರೆ ಅಂತ ಫೋನ್ ಬಂದಾಗ ನಮ್ಮ ವಾರಂಟ್ ಆಫೀಸರ್ ಸ್ಟೂಲಿನ ಮೇಲೆ ಕುಳಿತು ಯಾರಿಗೂ ಬೇಡದ ಒಂದು ಸ್ಪ್ಯಾನರ್ ಒರೆಸುತ್ತಲೇ ಇದ್ದರು.

ತಿಂಗಳುಗಳಾದ ಮೇಲೆ ಆ ಪೈಲಟ್ ನಾವು ಸೀಟು ಬಿಚ್ಚಿ ನೋಡುವ ಕೋಣೆಗೆ ಬಂದರು. ಬೆನ್ನಿಗೆ ಬೆಲ್ಟು, ಕೈಯಲ್ಲಿ ಮಿಠಾಯಿ ಡಬ್ಬಿ. ಎಲ್ಲರ ಕೈ ಕುಲುಕಿದರು. ಡಬ್ಬಿ ಖಾಲಿಯಾದ ಮೇಲೆ ನನ್ನ ಪಕ್ಕ ನಿಂತು, ಅಲ್ಲಿ ಬಿಚ್ಚಿಟ್ಟಿದ್ದ ಸೀಟಿನ ಹಿಡಿಯನ್ನು ಸುಮ್ಮನೆ ನೋಡುತ್ತಾ ಹೇಳಿದರು: ‘ಸಾರ್ಜೆಂಟ್, ಕೈ ಇದರ ಮೇಲೇ ಇತ್ತು. ಎಳೆಯಬೇಕು ಅಂತ ಗೊತ್ತಿತ್ತು. ಆದರೂ ಇನ್ನೊಮ್ಮೆ ಎಂಜಿನ್ ಹಚ್ಚಿ ನೋಡೋಣ ಅನಿಸಿತು. ಊರಿಗೆ ಹೋದಾಗ ಜನ ವಿಮಾನವನ್ನು ಏನು ಮಾಡಿದೆ ಅಂತ ಕೇಳುತ್ತಾರಲ್ಲ, ಅದು ತಲೆಗೆ ಬಂತು.’

ಇಂತಿಷ್ಟು ಎತ್ತರಕ್ಕಿಂತ ಕೆಳಗೆ ಬಂದರೆ ಎಂಜಿನ್ ಚಾಲೂ ಮಾಡುವ ಯತ್ನ ಬಿಟ್ಟು ಹೊರಗೆ ಬರಬೇಕು ಅಂತ ನಿಯಮ ಇದೆ. ಅದನ್ನು ಪೈಲಟ್‌ಗಳಿಗೆ ಬಾಯಿಪಾಠ ಮಾಡಿಸಿರುತ್ತಾರೆ. ವಿಮಾನ ಇನ್ನೊಂದು ಬರುತ್ತದೆ, ನೀನು ಬರುವುದಿಲ್ಲ ಅಂತ ಹಿರಿಯರು ಕಿರಿಯರಿಗೆ ಹೇಳುತ್ತಲೇ ಇರುತ್ತಾರೆ. ಪ್ರತಿ ಅಪಘಾತಕ್ಕೂ ಕೋರ್ಟ್ ಆಫ್ ಎನ್‌ಕ್ವೈರಿ ಕೂರುತ್ತದೆ. ತಪ್ಪು ಎಲ್ಲಿ ಆಯಿತು ಅಂತ ಅದು ಹುಡುಕಿಕೊಳ್ಳುತ್ತದೆ. ಇಷ್ಟೆಲ್ಲ ಇದ್ದರೂ ಆ ಹುಡುಗನ ಕೈಯನ್ನು ಒಂದು ಕ್ಷಣ ಹಿಡಿದಿದ್ದು ಊರಿನ ಚಹಾದ ಅಂಗಡಿ. ಗಂಟೆಗೆ 720 ಕಿ.ಮೀ. ವೇಗದ ವಿಮಾನ ಒಂದು ಸೆಕೆಂಡಿಗೆ 200 ಮೀಟರ್ ಹೋಗುತ್ತದೆ. 1989ರ ಜೂನ್ 8ರಂದು ಪ್ಯಾರಿಸ್ ಏರ್ ಶೋದಲ್ಲಿ ಅನಾತೊಲಿ ಕ್ವೊಚುರ್ ಎಂಬ ರಷ್ಯನ್ ಪೈಲಟ್ ಮಿಗ್-29ರಿಂದ ಹೊರಬಂದದ್ದು ವಿಮಾನ ನೆಲಕ್ಕೆ ಬಡಿಯುವ ಎರಡು-ಮೂರು ಸೆಕೆಂಡ್ ಮೊದಲು. ಬದುಕಿದ. ಅವನು ಇನ್ನೊಂದು ಸೆಕೆಂಡ್ ಯೋಚನೆ ಮಾಡಿದ್ದರೆ ಯಾವ ಸೀಟೂ ಉಳಿಸುತ್ತಿರಲಿಲ್ಲ.

ಇದಕ್ಕೆ ಪತ್ರಿಕೆ, ಟಿವಿಯವರದ್ದೂ ಪಾಲಿದೆ ಅಂತ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಪೈಲಟ್ ಊರಿನ ಮೇಲೆ ಬೀಳದ ಹಾಗೆ ವಿಮಾನ ತಿರುಗಿಸಿ ಪ್ರಾಣ ಕೊಟ್ಟರು ಅಂತ ಪ್ರತಿ ಸಲವೂ ಮೊದಲ ದಿನವೇ ಬರೆಯುತ್ತೀರಿ. ನಿಜಕ್ಕೂ ಹಾಗೆ ಮಾಡಿದವರು ಇದ್ದಾರೆ. 2019ರ ನವೆಂಬರ್‌ನಲ್ಲಿ ಗೋವಾದಲ್ಲಿ ನೌಕಾಪಡೆಯ ಮಿಗ್-29ಕೆ ಕೆಟ್ಟಾಗ ಪೈಲಟ್‌ಗಳು ವಿಮಾನವನ್ನು ಜನ ಇಲ್ಲದ ಕಡೆಗೆ ತಿರುಗಿಸಿದರು, ಇಬ್ಬರೂ ಹೊರಬಂದು ಬದುಕಿದರು. ಅವರಿಗೆ ನನ್ನ ಸೆಲ್ಯೂಟ್. ಆದರೆ ಸತ್ತವರನ್ನು ಮಾತ್ರ ವೀರರು ಅಂತ ದೊಡ್ಡ ಅಕ್ಷರದಲ್ಲಿ ಹಾಕಿ, ಬದುಕಿದವರ ಸುದ್ದಿಯ ಪಕ್ಕ ವಿಮಾನದ ಬೆಲೆ ಇಷ್ಟು ಕೋಟಿ ಅಂತ ಬಾಕ್ಸ್ ಮಾಡಿ ಹಾಕಿದರೆ ಓದುವ ಹುಡುಗರಿಗೆ ಏನು ಅನಿಸುತ್ತದೆ? ಧಾರವಾಡದ ಕೋಚಿಂಗ್ ಕ್ಲಾಸುಗಳಲ್ಲಿ ಎನ್‌ಡಿಎ ಪರೀಕ್ಷೆಗೆ ಓದುವ ಮಕ್ಕಳು ಈಗ ಬೇಕಾದಷ್ಟು ಇದ್ದಾರೆ. ಅವರೂ ನಿಮ್ಮ ಪತ್ರಿಕೆ ಓದುತ್ತಾರೆ.

ನಡುವೆ ಒಂದು ಸಣ್ಣ ವಿಷಯ. ಅಹಮದಾಬಾದ್‌ನಲ್ಲಿ 2025ರ ಜೂನ್‌ನಲ್ಲಿ ಪ್ರಯಾಣಿಕರ ವಿಮಾನ ಬಿದ್ದಾಗಲೂ ‘ಪೈಲಟ್ ಯಾಕ ಜಿಗೀಲಿಲ್ಲ’ ಅಂತ ಕೇಳಿದವರಿದ್ದರು. ಪ್ರಯಾಣಿಕರ ವಿಮಾನದಲ್ಲಿ ಎಜೆಕ್ಷನ್ ಸೀಟೂ ಇಲ್ಲ, ಪ್ಯಾರಾಶೂಟೂ ಇಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಹಾರುವ ವಿಮಾನದ ಪೈಲಟ್‌ಗೂ ನಿಮ್ಮ ಹಾಗೆ ಬರೀ ಬೆಲ್ಟು ಅಷ್ಟೇ.

ಇನ್ನು ಕತ್ತರಿ ಹಾಕಬೇಡಿ ಅಂದ ಭಾಗ.

ನಮ್ಮ ಕಡೆ ಯುದ್ಧವಿಮಾನ ಎಲ್ಲಿಂದ ಬರುತ್ತದೆ ಅನ್ನಬೇಡಿ. ಬೀದರ್‌ನಲ್ಲಿ ಜೆಟ್ ತರಬೇತಿ ನೆಲೆ ಇದೆ. ಬೆಂಗಳೂರಿನಲ್ಲಿ ಪರೀಕ್ಷಾ ಹಾರಾಟ ನಡೆಯುತ್ತದೆ. ಗೋವಾದಲ್ಲಿ ನೌಕಾಪಡೆಯ ಜೆಟ್‌ಗಳಿವೆ. ಗದಗ, ಹಾವೇರಿ ಇವುಗಳ ನಡುವೆಯೇ ಇವೆ. 2023ರ ಜೂನ್ 1ರಂದು ಚಾಮರಾಜನಗರದ ಭೋಗಾಪುರದ ಹತ್ತಿರ ಕಿರಣ್ ತರಬೇತಿ ವಿಮಾನ ಹೊಲದಲ್ಲಿ ಬಿತ್ತು, ಇಬ್ಬರು ಪೈಲಟ್‌ಗಳು ಪ್ಯಾರಾಶೂಟ್‌ನಲ್ಲಿ ಇಳಿದರು. ಅಂಥ ಹೊತ್ತಿನಲ್ಲಿ ಮೊದಲು ಅಲ್ಲಿಗೆ ಮುಟ್ಟುವವರು ಹೊಲದಲ್ಲಿ ಕೆಲಸ ಮಾಡುವವರೇ. ವಾಯುಪಡೆಯ ಹೆಲಿಕಾಪ್ಟರ್ ಬರುವುದು ಆಮೇಲೆ.

ಮೊದಲನೆಯದು, ಪೈಲಟ್‌ನನ್ನು ಎತ್ತಿ ಕೂಡಿಸಬೇಡಿ, ನಿಲ್ಲಿಸಬೇಡಿ. ನಾಲ್ಕು ಜನ ಕೈಕಾಲು ಹಿಡಿದು ಟ್ರ್ಯಾಕ್ಟರ್ ಟ್ರೇಲರಿಗೆ ಹಾಕುವುದು ನಮ್ಮ ಕಡೆಯ ರೂಢಿ. ಮುರಿದ ಬೆನ್ನೆಲುಬಿಗೆ ಅದೇ ಕುತ್ತು. ‘ನನಗೇನೂ ಆಗಿಲ್ಲ’ ಅಂತ ಅವರೇ ಹೇಳಿ ಎದ್ದು ನಿಲ್ಲಲು ನೋಡಿದರೂ ಮಲಗಿರಿ ಅನ್ನಿ. ಆ ಹೊತ್ತಿಗೆ ನೋವು ಗೊತ್ತಾಗುವುದಿಲ್ಲ. ಬೆಂಕಿ ಹತ್ತಿರ ಬರುತ್ತಿದ್ದರೆ ಮಾತ್ರ, ಹೊರಸೋ ಬಾಗಿಲ ಹಲಗೆಯೋ ತಂದು, ತಲೆ-ಕುತ್ತಿಗೆ-ಬೆನ್ನು ಒಂದೇ ಗೆರೆಯಲ್ಲಿ ಇರುವ ಹಾಗೆ ಸರಿಸಿ ಒಯ್ಯಿರಿ. ಉಸಿರಾಡುತ್ತಿದ್ದರೆ ಹೆಲ್ಮೆಟ್ ತೆಗೆಯುವ ಗೋಜಿಗೆ ಹೋಗಬೇಡಿ. ನೀರು, ಚಹಾ, ಮಜ್ಜಿಗೆ ಏನೂ ಬೇಡ. ಆಸ್ಪತ್ರೆಯಲ್ಲಿ ಆಪರೇಷನ್ ಬೇಕಾಗಬಹುದು. ನಮ್ಮ ಮಂದಿಗೆ ಇದೇ ಕಷ್ಟ, ಬಂದವರಿಗೆ ಏನಾದರೂ ಕೊಡದೆ ಇರಲು ಆಗುವುದಿಲ್ಲ. ಬಿಸಿಲಿದ್ದರೆ ಕೊಡೆ ಹಿಡಿಯಿರಿ, ಸಾಕು. ಹಿಂದಿಯಲ್ಲಿ ಎರಡು ಮಾತಾಡಲು ಬರುವವರನ್ನು ಹತ್ತಿರ ಕೂಡಿಸಿ.

ಗಾಳಿಗೆ ಪ್ಯಾರಾಶೂಟ್ ಉಬ್ಬಿ ಅವರನ್ನು ಎಳೆದುಕೊಂಡು ಹೋಗುತ್ತಿದ್ದರೆ ಬಟ್ಟೆಯ ಮೇಲೆ ಬಿದ್ದು ಗಾಳಿ ತೆಗೆಯಿರಿ. ಕಪ್ಪತಗುಡ್ಡದ ಸುತ್ತ ಗಾಳಿ ಹೇಗೆ ಬೀಸುತ್ತದೆ ಅಂತ ನಿಮಗೆ ಗೊತ್ತು. ಆಮೇಲೆ ಆ ಬಟ್ಟೆ, ಹಗ್ಗ ಅಲ್ಲೇ ಇರಲಿ. ಎತ್ತಿನ ಹಗ್ಗಕ್ಕೆ ಬಹಳ ಗಟ್ಟಿ ಅಂತ ಆಸೆಯಾಗುತ್ತದೆ, ಆದರೆ ತನಿಖೆಗೆ ಅದರ ಒಂದೊಂದು ಎಳೆಯೂ ಬೇಕು.

ಸೀಟು ಬೇರೆ ಕಡೆ ಬಿದ್ದಿರುತ್ತದೆ. ಅದನ್ನು ಮುಟ್ಟಲೇಬೇಡಿ. ಸಿಡಿಯದೆ ಉಳಿದ ಕಾರ್ಟ್ರಿಜ್ ಅದರಲ್ಲಿ ಇರಬಹುದು. ಹುಡುಗರು ಅದರ ಮೇಲೆ ಕುಳಿತು ಸೆಲ್ಫಿ ತೆಗೆದುಕೊಳ್ಳುವ ಯೋಚನೆ ಮಾಡಿದರೆ ಕಪಾಳಕ್ಕೆ ಒಂದು ಕೊಡಿ, ತಪ್ಪಿಲ್ಲ. ವಿಮಾನ ಉರಿಯುತ್ತಿದ್ದರೆ ಗಾಳಿಗೆ ಹೊಗೆ ಹೋಗುವ ಕಡೆ ನಿಲ್ಲಬೇಡಿ. ಈಗಿನ ವಿಮಾನಗಳಲ್ಲಿ ಕಾರ್ಬನ್ ಫೈಬರ್ ಇರುತ್ತದೆ, ಉರಿದಾಗ ಅದರ ಸಣ್ಣ ಎಳೆಗಳು ಶ್ವಾಸಕ್ಕೆ ಹೋಗುತ್ತವೆ. ದನಕರುಗಳನ್ನೂ ದೂರ ಹೊಡೆಯಿರಿ.

ಗೋವಿನಜೋಳ ಆಳೆತ್ತರ ಬೆಳೆದ ಕಾಲದಲ್ಲಿ ಒಬ್ಬ ಬಿದ್ದರೆ ಹತ್ತು ಮಾರು ದೂರದಲ್ಲಿದ್ದವರಿಗೂ ಕಾಣುವುದಿಲ್ಲ. ಆದ್ದರಿಂದ ಪ್ಯಾರಾಶೂಟ್ ಇಳಿಯುವುದು ಕಂಡ ಕೂಡಲೇ ಒಬ್ಬರು ದಿಕ್ಕು ಗುರುತು ಇಟ್ಟುಕೊಂಡು ನಿಂತಲ್ಲೇ ನಿಲ್ಲಿ, ಉಳಿದವರು ಹುಡುಕಲಿ. ಎರಡು ಪ್ಯಾರಾಶೂಟ್ ಇದ್ದವೋ ಒಂದೋ ಅಂತ ನೋಡಿಕೊಳ್ಳಿ. 112ಕ್ಕೆ ಫೋನ್ ಮಾಡಿ ಊರು, ಹೊಲ, ಹತ್ತಿರದ ರಸ್ತೆ ಹೇಳಿ. ಮಳೆಗಾಲವಾದರೆ ಎರೆ ಹೊಲಕ್ಕೆ ಆಂಬುಲೆನ್ಸ್ ಇಳಿಯುವುದಿಲ್ಲ ಅಂತಲೂ ಹೇಳಿ. ಹೆಲಿಕಾಪ್ಟರ್ ಇಳಿಯಲು ಬಯಲು ಎಲ್ಲಿದೆ, ಕರೆಂಟಿನ ತಂತಿ ಎಲ್ಲಿ ಹಾದುಹೋಗಿದೆ ಅನ್ನುವುದು ಅವರಿಗೆ ಬೇಕು.

ವಿಡಿಯೋ ಮಾಡಿದರೂ ಗಾಯಗೊಂಡವರ ಮುಖ ಹಾಕಬೇಡಿ. ಅವರ ಮನೆಯವರಿಗೆ ಸುದ್ದಿ ಮುಟ್ಟುವ ಮೊದಲು ವಾಟ್ಸ್‌ಆ್ಯಪ್ ಮುಟ್ಟುತ್ತದೆ. ಇದು ಪತ್ರಿಕೆಯವರಿಗೂ ಹೇಳಿದ ಮಾತು.

ಈ ಕೊನೆಯ ಭಾಗವನ್ನು ನೀವು ಜಿಲ್ಲಾ ಪುಟದಲ್ಲಿ ಬಾಕ್ಸ್ ಮಾಡಿ ಹಾಕಿದರೆ ನಮ್ಮ ಪ್ರೆಸ್ಸಿನಲ್ಲಿ ಕರಪತ್ರ ಮಾಡಿ ಗದಗ, ಹಾವೇರಿ ಜಿಲ್ಲೆಯ ಗ್ರಾಮ ಪಂಚಾಯ್ತಿಗಳಿಗೆ ಕಳಿಸಲು ನಾನು ತಯಾರಿದ್ದೇನೆ. ಕಾಗದದ ಖರ್ಚು ನಮ್ಮದೇ. ಅಣ್ಣನನ್ನು ಇನ್ನೂ ಕೇಳಿಲ್ಲ, ಪತ್ರಿಕೆಯಲ್ಲಿ ಬಂದ ಮೇಲೆ ಇಲ್ಲ ಅನ್ನಲಾರ.

ಇಂತಿ ತಮ್ಮ ಓದುಗ,
ವಾಯುಪಡೆಯ ನಿವೃತ್ತ ಸಾರ್ಜೆಂಟ್
ಬೆಟಗೇರಿ, ಗದಗ